ಬಫಲೋದ ಹಿಮಬಿರುಗಾಳಿ: ಎಷ್ಟು ಇಂಚು ಬಿತ್ತು ಎಂದು ಕೇಳಿದರಷ್ಟೇ ಸಾಲದು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ತುದಿಯಲ್ಲಿ, ಈರಿ ಸರೋವರದ ದಡಕ್ಕೆ ಅಂಟಿಕೊಂಡು ಬಫಲೋ ನಗರವಿದೆ. 2022ರ ಡಿಸೆಂಬರ್ 23ರಿಂದ 26ರವರೆಗೆ, ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ, ಅಲ್ಲಿನ ವಿಮಾನ ನಿಲ್ದಾಣದಲ್ಲಿ 51.9 ಇಂಚು, ಅಂದರೆ ಸುಮಾರು 132 ಸೆಂ.ಮೀ. ಹಿಮ ಬಿತ್ತು. ನಗರದಲ್ಲೂ ಸುತ್ತಮುತ್ತಲೂ ಸೇರಿ 47 ಜನ ಸತ್ತರು.

ಬಫಲೋ ಹಿಮ ಕಾಣದ ಊರೇನಲ್ಲ. ವರ್ಷಕ್ಕೆ ಸರಾಸರಿ 240 ಸೆಂ.ಮೀ. ಹಿಮ ಅಲ್ಲಿ ಮಾಮೂಲು. 2014ರ ನವೆಂಬರಿನಲ್ಲಿ ಇದೇ ಊರಿನ ದಕ್ಷಿಣದ ಪಟ್ಟಣಗಳ ಮೇಲೆ ಒಂದೇ ವಾರದಲ್ಲಿ ಎರಡು ಮೀಟರಿನಷ್ಟು ಹಿಮ ಸುರಿದಿತ್ತು. ಆದರೆ ಆಗಿನ ಸಾವುಗಳು 2022ರ ಸಂಖ್ಯೆಯ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ 1977ರ ಜನವರಿ. ಆಗ ಹೊಸದಾಗಿ ಬಿದ್ದದ್ದು 30 ಸೆಂ.ಮೀ. ಆಸುಪಾಸು ಮಾತ್ರ. ಸತ್ತವರು ಇಪ್ಪತ್ತಕ್ಕೂ ಹೆಚ್ಚು ಜನ, ಊರು ದಿನಗಟ್ಟಲೆ ಸ್ತಬ್ಧ.

ಹಿಮದ ಎತ್ತರಕ್ಕೂ ಹಾನಿಗೂ ಲೆಕ್ಕ ತಾಳೆಯಾಗುವುದಿಲ್ಲ ಅಂದಹಾಗಾಯಿತು. ಹಾನಿಯ ಲೆಕ್ಕ ಸಿಗಬೇಕಾದರೆ ಬೇರೆ ಮೂರು ವಿಷಯ ಕೇಳಬೇಕು: ಗಾಳಿ ಎಷ್ಟಿತ್ತು, ಹಿಮದ ತೂಕ ಎಷ್ಟಿತ್ತು, ರಸ್ತೆ ಎಷ್ಟು ಹೊತ್ತು ಮುಚ್ಚಿತ್ತು. ಒಂದೇ ಊರು, ಮೂರು ಬಿರುಗಾಳಿ. ಇವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ.

## ಮೊದಲು ಪದಗಳ ಗೊಂದಲ

ಕನ್ನಡದಲ್ಲಿ ‘ಮಂಜು’ ಎಂದರೆ ಬೆಳಗಿನ ಕಾವಳವೂ ಹೌದು, ಬೆಟ್ಟದ ಮೇಲಿನ ಬಿಳಿ ರಾಶಿಯೂ ಹೌದು. ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬುದು ಮೆಲ್ಲಗೆ ಉದುರುವ ಹಿಮಕ್ಕೂ ಆಗುತ್ತದೆ, ಕಣ್ಣು ಬಿಡಲಾಗದ ಬಿರುಗಾಳಿಗೂ ಆಗುತ್ತದೆ. ಹವಾಮಾನದವರಿಗೆ ಇವೆಲ್ಲ ಬೇರೆ ಬೇರೆ.

ಹಿಮಪಾತ ಎಂದರೆ ಆಕಾಶದಿಂದ ಹಿಮ ಬೀಳುವುದು, ಅಷ್ಟೇ. ಬ್ಲಿಝರ್ಡ್, ಅಂದರೆ ಹಿಮಬಿರುಗಾಳಿ, ಎನ್ನಬೇಕಾದರೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಪ್ರಕಾರ ಮೂರು ಷರತ್ತು ಒಟ್ಟಿಗೆ ಕೂಡಬೇಕು. ಗಾಳಿ ಗಂಟೆಗೆ 35 ಮೈಲಿ (56 ಕಿ.ಮೀ.) ಅಥವಾ ಹೆಚ್ಚು ವೇಗದಲ್ಲಿ ಬೀಸಬೇಕು, ಇಲ್ಲವೇ ಆ ವೇಗದ ಹೊಡೆತಗಳು ಮೇಲಿಂದ ಮೇಲೆ ಬರಬೇಕು. ಬೀಳುವ ಅಥವಾ ಹಾರುವ ಹಿಮದಿಂದಾಗಿ ಕಾಲು ಮೈಲಿ, ಅಂದರೆ 400 ಮೀಟರ್ ಆಚೆಗೆ ಕಾಣದಂತಾಗಬೇಕು. ಇವೆರಡೂ ಕನಿಷ್ಠ ಮೂರು ಗಂಟೆ ಎಡೆಬಿಡದೆ ಇರಬೇಕು.

ಗಮನಿಸಿ, ಎಷ್ಟು ಇಂಚು ಬೀಳಬೇಕು ಎಂಬ ಮಾತೇ ಆ ವ್ಯಾಖ್ಯಾನದಲ್ಲಿಲ್ಲ. ಹೊಸ ಹಿಮ ಒಂದು ಹಳಕೂ ಬೀಳದೆ, ಮೊದಲೇ ನೆಲದ ಮೇಲಿದ್ದದ್ದು ಎದ್ದು ಹಾರಿದರೂ ಅದು ಬ್ಲಿಝರ್ಡ್. 2022ರಲ್ಲಿ ಬಫಲೋದಲ್ಲಿ ಈ ಸ್ಥಿತಿ ಮೂರು ಗಂಟೆಯಲ್ಲ, ಸುಮಾರು 37 ಗಂಟೆ ಇತ್ತು. ಎಲ್ಲ ಅನಾಹುತವೂ ಈ ಒಂದು ಅಂಕಿಯ ಸುತ್ತಲೇ ಸುತ್ತುತ್ತದೆ.

## ಸರೋವರ ಹಿಮವನ್ನು ತಯಾರಿಸುವ ಬಗೆ

ಚಳಿಯ ಬೆಳಿಗ್ಗೆ ಬಿಸಿನೀರಿನ ಪಾತ್ರೆಯ ಮುಚ್ಚಳ ತೆಗೆದರೆ ಬುಸ್ಸೆಂದು ಹಬೆ ಏಳುತ್ತದೆ. ಅದೇ ನೀರು, ಅದೇ ಬಿಸಿ; ಸೆಕೆಯ ಮಧ್ಯಾಹ್ನ ತೆಗೆದರೆ ಅಷ್ಟು ಹಬೆ ಕಾಣುವುದಿಲ್ಲ. ಹಬೆಯ ದಟ್ಟಣೆ ನೀರಿನ ಬಿಸಿಯ ಮೇಲಷ್ಟೇ ನಿಂತಿಲ್ಲ, ನೀರಿಗೂ ಮೇಲಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಈರಿ ಸರೋವರದ ಮೇಲೆ ನಡೆಯುವುದೂ ಇದೇ, ಆದರೆ 388 ಕಿ.ಮೀ. ಉದ್ದದ ಪಾತ್ರೆಯಲ್ಲಿ.

ಬೇಸಿಗೆಯಿಡೀ ಕಾದ ಸರೋವರ ನವೆಂಬರಿನಲ್ಲೂ ಬೆಚ್ಚಗೇ ಇರುತ್ತದೆ. ನೆಲ ತಣ್ಣಗಾದಷ್ಟು ಬೇಗ ನೀರು ತಣ್ಣಗಾಗುವುದಿಲ್ಲ. ಕೆನಡಾ ಕಡೆಯಿಂದ ಬರುವ ಒಣ, ಕೊರೆಯುವ ಗಾಳಿ ಆ ನೀರಿನ ಮೇಲೆ ಹಾಯುವಾಗ ತಳದಿಂದ ಬಿಸಿಯನ್ನೂ ತೇವವನ್ನೂ ಹೀರುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಮೇಲೆ ತಣಿಯುತ್ತದೆ, ತೇವ ಮೋಡವಾಗುತ್ತದೆ, ಮೋಡ ಹಿಮವಾಗುತ್ತದೆ. ಮುನ್ಸೂಚನೆ ಮಾಡುವವರು ಇಲ್ಲಿ ಒಂದು ಅಂಕಿಯನ್ನು ಹಿಡಿದುಕೊಂಡಿರುತ್ತಾರೆ: ಸರೋವರದ ಮೇಲ್ಮೈಗೂ ಸುಮಾರು 1.5 ಕಿ.ಮೀ. ಮೇಲಿನ ಗಾಳಿಗೂ ಕನಿಷ್ಠ 13 ಡಿಗ್ರಿ ಸೆಲ್ಸಿಯಸ್ ಅಂತರ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಗಾಳಿ ಮೇಲೇರುವ ಹುರುಪು ಸಾಲದು.

ಎರಡನೆಯ ಅಂಶ, ಗಾಳಿ ನೀರಿನ ಮೇಲೆ ಎಷ್ಟು ದೂರ ಸಾಗುತ್ತದೆ ಎಂಬುದು. ಈರಿ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ. ಅಗಲ ಹೆಚ್ಚೆಂದರೆ 92 ಕಿ.ಮೀ. ಗಾಳಿ ವಾಯವ್ಯದಿಂದ ಬೀಸಿದರೆ ಸರೋವರವನ್ನು ಅಡ್ಡಡ್ಡ ದಾಟುತ್ತದೆ. ಹೀರಿಕೊಳ್ಳಲು ಸಮಯ ಸಾಲದೆ ಸಣ್ಣಪುಟ್ಟ ಹಿಮದ ಎಳೆಗಳು ಹರಡಿಕೊಂಡು ಬೀಳುತ್ತವೆ. ಪಶ್ಚಿಮ-ನೈಋತ್ಯದಿಂದ ಬೀಸಿದರೆ ಮಾತ್ರ ಗಾಳಿ ಸರೋವರದ ಪೂರ್ತಿ ಉದ್ದ ಓಡುತ್ತದೆ, ಎರಡೂ ದಡಗಳ ಕಡೆಯಿಂದ ಗಾಳಿ ನಡುವಿಗೆ ಒತ್ತಿಕೊಂಡು ಒಂದೇ ಗಟ್ಟಿ ಪಟ್ಟಿಯಾಗುತ್ತದೆ. ಆ ಓಟದ ಕೊನೆಯಲ್ಲಿ ಕುಳಿತಿರುವ ಊರೇ ಬಫಲೋ.

ಇಂಥ ಪಟ್ಟಿಯ ಒಳಗೆ ಗಂಟೆಗೆ 5ರಿಂದ 10 ಸೆಂ.ಮೀ. ಹಿಮ ಬೀಳುವುದುಂಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಮೋಡದೊಳಗಿನ ಏರಿಳಿತ ಎಷ್ಟು ಜೋರಿರುತ್ತದೆಂದರೆ ಹಿಮ ಬೀಳುತ್ತಿರುವಾಗಲೇ ಗುಡುಗು ಮಿಂಚೂ ಬರುತ್ತದೆ.

ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ ಈರಿಯೇ ಎಲ್ಲಕ್ಕಿಂತ ಆಳ ಕಡಿಮೆ, ಸರಾಸರಿ 19 ಮೀಟರ್. ಹಾಗಾಗಿ ಬೇಗ ಕಾಯುತ್ತದೆ, ಬೇಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿದಂತೆ, ಹಬೆ ನಿಲ್ಲುತ್ತದೆ. ಬಫಲೋದ ದೊಡ್ಡ ಸರೋವರ-ಹಿಮಗಳು ನವೆಂಬರ್, ಡಿಸೆಂಬರ್‌ಗಳಲ್ಲಿ ಹೆಚ್ಚಾಗಿರುವುದು ಇದಕ್ಕೇ. ಚಳಿಗಾಲ ತಡವಾಗಿ ಬಂದು ಸರೋವರ ಇನ್ನಷ್ಟು ದಿನ ತೆರೆದೇ ಇದ್ದರೆ ಈ ಕಿಟಕಿಯೂ ಅಷ್ಟು ದಿನ ತೆರೆದಿರುತ್ತದೆ.

## ಒಂದು ಬಡಾವಣೆಗೆ ಆಳೆತ್ತರ, ಮುಂದಿನದಕ್ಕೆ ನಾಲ್ಕು ಬೆರಳು

2014ರ ನವೆಂಬರ್ 17ರಿಂದ 21ರ ನಡುವೆ ಎರಡು ಅಲೆಗಳಲ್ಲಿ ಹಿಮ ಬಂತು. ನಗರದ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಹ್ಯಾಂಬರ್ಗ್, ಲ್ಯಾಂಕಾಸ್ಟರ್, ವೆಸ್ಟ್ ಸೆನೆಕಾ ಕಡೆ ಬಾಗಿಲು ತೆಗೆದರೆ ಎದುರಿಗೆ ಬಾಗಿಲಿನದೇ ಅಚ್ಚು ಮೂಡಿದ ಹಿಮದ ಗೋಡೆ. ಅದೇ ಹೊತ್ತಿನಲ್ಲಿ ಉತ್ತರ ಭಾಗದಲ್ಲಿ ಬಿದ್ದದ್ದು ಕೆಲವೇ ಇಂಚು. ಅಲ್ಲಿ ನಿಂತವರಿಗೆ ದಕ್ಷಿಣದಲ್ಲಿ ನೆಲಕ್ಕೂ ಮುಗಿಲಿಗೂ ಒಂದೇ ಬಿಳಿ ಗೋಡೆ ಎಬ್ಬಿಸಿದಂತೆ ಮೋಡದ ಅಂಚು ಕಾಣುತ್ತಿತ್ತು, ತಮ್ಮ ತಲೆಯ ಮೇಲೆ ಬಿಸಿಲು.

ಇದು ಹೇಗೆ ಸಾಧ್ಯ? ಪಟ್ಟಿಯ ಅಗಲವೇ ಹತ್ತರಿಂದ ಮೂವತ್ತು ಕಿ.ಮೀ. ತೋಟಕ್ಕೆ ನೀರು ಬಿಡುವ ಪೈಪಿನಂತೆ ನೆನೆಸಿಕೊಳ್ಳಿ. ನೀರು ಬಿದ್ದ ಜಾಗ ಕೆಸರು, ಎರಡು ಮಾರು ಆಚೆ ಒಣ ನೆಲ. ಪೈಪು ಹಿಡಿದ ಕೈ ಅಲುಗದಿದ್ದರೆ ಒಂದೇ ಜಾಗಕ್ಕೆ ನೀರು ಸುರಿಯುತ್ತಲೇ ಇರುತ್ತದೆ. 2014ರಲ್ಲಿ ಗಾಳಿಯ ದಿಕ್ಕು ಗಂಟೆಗಟ್ಟಲೆ ಕದಲಲಿಲ್ಲ.

ಮುನ್ಸೂಚನೆಯ ಕಷ್ಟವೂ ಇಲ್ಲೇ ಇದೆ. 300 ಕಿ.ಮೀ. ಓಡಿ ಬಂದ ಗಾಳಿಯ ದಿಕ್ಕು ಬರೀ 5 ಡಿಗ್ರಿ ತಿರುಗಿದರೆ ಪಟ್ಟಿಯ ತುದಿ ಸುಮಾರು 26 ಕಿ.ಮೀ. ಪಕ್ಕಕ್ಕೆ ಸರಿಯುತ್ತದೆ. ‘ಭಾರೀ ಹಿಮ’ ಎಂದು ಕೇಳಿ ಶಾಲೆ ಮುಚ್ಚಿದ ಪಟ್ಟಣಕ್ಕೆ ಏನೂ ಬೀಳದೆ ಹೋದರೆ ಮುನ್ಸೂಚನೆ ಸುಳ್ಳಾಯಿತು ಅನ್ನಿಸುತ್ತದೆ. ನಿಜಕ್ಕೂ ಆದದ್ದು ಐದು ಡಿಗ್ರಿಯ ವ್ಯತ್ಯಾಸ.

ಆದರೆ ಈ ಬಗೆಯ ಹಿಮಕ್ಕೆ ಒಂದು ಅನುಕೂಲವೂ ಇದೆ. ಪಟ್ಟಿಯ ಹೊರಗಿನ ಪ್ರದೇಶ ಪೂರ್ತಿ ಸುಸ್ಥಿತಿಯಲ್ಲಿರುವುದರಿಂದ ಅಲ್ಲಿಂದ ಯಂತ್ರ, ಲಾರಿ, ಆಂಬುಲೆನ್ಸ್ ತರಬಹುದು. 2022ರಲ್ಲಿ ಆ ಅನುಕೂಲ ಇರಲಿಲ್ಲ. ಆಗ ಸರೋವರದ ಹಿಮದ ಜೊತೆಗೆ ದೇಶದ ಅರ್ಧ ಭಾಗವನ್ನು ಆವರಿಸಿದ ದೊಡ್ಡ ಚಂಡಮಾರುತವೂ ಕೂಡಿಕೊಂಡಿತ್ತು. ಗಂಟೆಗೆ 110 ಕಿ.ಮೀ.ಗೂ ಮೀರಿದ ಗಾಳಿಯ ಹೊಡೆತಗಳು ಇಡೀ ನಗರಕ್ಕೇ ಬಡಿದವು. ಸರೋವರದ ನೀರೇ ಪೂರ್ವದ ದಡಕ್ಕೆ ಒತ್ತಿಕೊಂಡು ಬಂದು, ಅಲೆಯ ತುಂತುರು ದಡದ ಮನೆಗಳ ಮೇಲೆ ಬಿದ್ದು ಹೆಪ್ಪುಗಟ್ಟಿ, ಮನೆಗಳು ಮಂಜುಗಡ್ಡೆಯ ಕವಚ ತೊಟ್ಟು ನಿಂತವು.

## 1977: ಹಿಮ ಬಂದದ್ದು ಸರೋವರದ ಮೇಲಿಂದ

ಆ ಚಳಿಗಾಲ ಈರಿ ಸರೋವರ ಡಿಸೆಂಬರ್ ನಡುವಿಗೇ ಹೆಪ್ಪುಗಟ್ಟಿತ್ತು. ಹಬೆ ನಿಂತಿತು, ಇನ್ನು ಸರೋವರದ ಹಿಮವಿಲ್ಲ ಎಂದು ಜನ ನಿರಾಳವಾಗಬಹುದಿತ್ತು. ಆದರೆ ಆಮೇಲೆ ವಾರಗಟ್ಟಲೆ ಬಿದ್ದ ಹಿಮವೆಲ್ಲ ಆ ಗಡ್ಡೆಯ ಮೇಲೆ ಪುಡಿಪುಡಿಯಾಗಿ ಶೇಖರವಾಗುತ್ತಾ ಹೋಯಿತು. ಕರಗಲಿಲ್ಲ, ಗಟ್ಟಿಯಾಗಲಿಲ್ಲ. ಜನವರಿ 28ರಂದು ಬಿರುಗಾಳಿ ಬೀಸಿದಾಗ ಸಾವಿರಾರು ಚದರ ಕಿ.ಮೀ. ಮೇಲೆ ಹರಡಿದ್ದ ಆ ಪುಡಿ ಎದ್ದು ನಗರದ ಮೇಲೆ ಬಂತು. ಮೋಡದಿಂದ ಬಿದ್ದದ್ದು 30 ಸೆಂ.ಮೀ., ಆದರೆ ಮನೆಗಳ ಪಕ್ಕ ಎದ್ದ ದಿಬ್ಬಗಳು ಮಹಡಿ ಮುಟ್ಟಿದವು. ಬಫಲೋ ಮೃಗಾಲಯದಲ್ಲಿ ಬೇಲಿಯ ಎತ್ತರಕ್ಕೂ ಮೀರಿ ಹಿಮ ರಾಶಿಬಿದ್ದು, ಮೂರು ಹಿಮಸಾರಂಗಗಳು ಅದನ್ನೇ ಮೆಟ್ಟಿಲು ಮಾಡಿಕೊಂಡು ಹೊರಗೆ ನಡೆದುಹೋದವು.

ಹಿಮ ಹಾರುವ ಬಗೆ ಮರಳು ಹಾರುವ ಬಗೆಯಂತೆಯೇ. ಒಣ ಹಿಮವಾದರೆ ಗಂಟೆಗೆ 25–30 ಕಿ.ಮೀ. ಗಾಳಿಗೇ ಹರಳುಗಳು ನೆಲದ ಮೇಲೆ ಕುಪ್ಪಳಿಸತೊಡಗುತ್ತವೆ. ಗಾಳಿ 50 ಕಿ.ಮೀ. ದಾಟಿದರೆ ಆಳೆತ್ತರಕ್ಕೂ ಮೇಲೆ ತೇಲುತ್ತವೆ, ಆಗ ಚಾಲಕನಿಗೆ ತನ್ನದೇ ಕಾರಿನ ಮುಂಭಾಗ ಕಾಣುವುದಿಲ್ಲ. ಗಾಳಿಯ ವೇಗ ತಗ್ಗುವ ಕಡೆ, ಅಂದರೆ ಗೋಡೆಯ ಮರೆ, ನಿಂತ ಕಾರಿನ ಹಿಂಬದಿ, ರಸ್ತೆ ತಗ್ಗಿದ ಜಾಗ, ಇಲ್ಲೆಲ್ಲ ಹೊತ್ತ ಹಿಮವನ್ನು ಇಳಿಸುತ್ತದೆ. ರಸ್ತೆಯಲ್ಲಿ ಕೆಟ್ಟು ನಿಂತ ಒಂದು ಕಾರು ಗಂಟೆಯೊಳಗೆ ಒಂದು ದಿಬ್ಬವಾಗುತ್ತದೆ, ಆ ದಿಬ್ಬಕ್ಕೆ ಮುಂದಿನ ಕಾರು ಸಿಕ್ಕಿಹಾಕಿಕೊಳ್ಳುತ್ತದೆ.

ಹೆದ್ದಾರಿಗಳ ಪಕ್ಕದ ಹೊಲಗಳಲ್ಲಿ ಹಾಕುವ ಹಿಮಬೇಲಿಗಳು ಇದೇ ಗುಣವನ್ನು ಬಳಸಿಕೊಳ್ಳುತ್ತವೆ. ಬೇಲಿ ಹಿಮವನ್ನು ತಡೆಯುವುದಿಲ್ಲ, ಗಾಳಿಯನ್ನು ನಿಧಾನಿಸಿ ಹಿಮವನ್ನು ಅಲ್ಲೇ ಕೆಡವುತ್ತದೆ. ಅದಕ್ಕೇ ಅರ್ಧದಷ್ಟು ಸಂದು ಇರುವ ಪಟ್ಟಿಗಳ ಬೇಲಿಯೇ ಬೇಕು; ಗಟ್ಟಿ ಗೋಡೆ ಕಟ್ಟಿದರೆ ದಿಬ್ಬ ಚಿಕ್ಕದಾಗಿ ಬೇಗ ತುಂಬಿಹೋಗುತ್ತದೆ. ಬುಡದಲ್ಲಿ ಎತ್ತರದ ಹತ್ತನೇ ಒಂದಂಶ ಬಿಡಬೇಕು, ಇಲ್ಲದಿದ್ದರೆ ಬೇಲಿಯೇ ಹೂತುಹೋಗುತ್ತದೆ. ದಿಬ್ಬ ಬೇಲಿಯ ಎತ್ತರದ ಸುಮಾರು 35 ಪಟ್ಟು ದೂರ ಚಾಚಬಹುದಾದ್ದರಿಂದ ಎರಡು ಮೀಟರ್ ಬೇಲಿಯನ್ನು ರಸ್ತೆಯಿಂದ 70 ಮೀಟರ್ ಹಿಂದೆ ಹಾಕಬೇಕು. ಹತ್ತಿರ ಹಾಕಿದರೆ ದಿಬ್ಬವನ್ನು ತಂದು ರಸ್ತೆಯ ಮೇಲೇ ಇಟ್ಟಂತಾಗುತ್ತದೆ.

## ಹಿಮ ಎತ್ತರದಲ್ಲಿ ಅಳೆದರೂ ಪೆಟ್ಟು ತೂಕದ್ದು

ಅಳೆಯುವುದು ಸರಳ: ಗಾಳಿಗೆ ಮರೆಯಾದ ಜಾಗದಲ್ಲಿ ಬಿಳಿ ಬಣ್ಣದ ಹಲಗೆ ಇಟ್ಟು, ಅಳತೆಪಟ್ಟಿ ನಿಲ್ಲಿಸಿ ಓದಿ, ಹಲಗೆ ಒರೆಸಿ ಮತ್ತೆ ಇಡುತ್ತಾರೆ. ಆರು ಗಂಟೆಗಿಂತ ಬೇಗ ಬೇಗ ಒರೆಸುವಂತಿಲ್ಲ. ಯಾಕೆಂದರೆ ಹಿಮ ತನ್ನ ಭಾರಕ್ಕೇ ಕುಸಿಯುತ್ತದೆ. ಗಂಟೆಗೊಮ್ಮೆ ಅಳೆದು ಕೂಡಿಸಿದರೆ ಲೆಕ್ಕ ಸುಳ್ಳೇ ಉಬ್ಬುತ್ತದೆ. ‘ಬಿದ್ದ ಹಿಮ’ 130 ಸೆಂ.ಮೀ. ಎಂದು ವರದಿಯಾದಾಗಲೂ ಅಂಗಳದಲ್ಲಿ ‘ನಿಂತ ಹಿಮ’ 90 ಸೆಂ.ಮೀ. ಇರಬಹುದು. ಎರಡೂ ನಿಜವೇ.

ತೂಕದ ಲೆಕ್ಕ ಬೇರೆ. ಆಗ ತಾನೇ ಬಿದ್ದ ಒಣ ಹಿಮ ಘನಮೀಟರಿಗೆ 50–100 ಕೆಜಿ. ದಿನ ಕಳೆದು ಕುಸಿದದ್ದು 200–300 ಕೆಜಿ. ಗಾಳಿ ಹೊಡೆದು ಗಟ್ಟಿ ಮಾಡಿದ ದಿಬ್ಬ 400 ಕೆಜಿ ಮುಟ್ಟುವುದುಂಟು, ಅದರ ಮೇಲೆ ಮನುಷ್ಯ ನಡೆದರೂ ಕಾಲು ಹೂಳುವುದಿಲ್ಲ. ಹಿಮಸಾರಂಗ ನಡೆದದ್ದೂ ಇಂಥದ್ದರ ಮೇಲೇ. ಒಣ ಹಿಮ ಒಂದು ಮೀಟರ್ ನಿಂತ ಚಾವಣಿಯ ಮೇಲೆ ಚದರ ಮೀಟರಿಗೆ 100 ಕೆಜಿ ಬಿದ್ದರೆ, ಅದೇ ಹಿಮ ಮಳೆನೀರು ಕುಡಿದಾಗ ಎತ್ತರ ಇಳಿಯುತ್ತದೆ, ತೂಕ ಏರುತ್ತದೆ. ನೋಡುವವರಿಗೆ ಹಿಮ ಕಡಿಮೆಯಾದಂತೆ ಕಾಣುವ ಆ ಹೊತ್ತಿನಲ್ಲೇ ಮರದ ತೊಲೆಗಳು ಬಿರುಕು ಬಿಡುವುದು. ಮನೆಯೊಳಗಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿಬಿಟ್ಟು ಮುಚ್ಚಲು ಬಾರದಿದ್ದರೆ, ಗಾರೆಯಲ್ಲಿ ಹೊಸ ಬಿರುಕು ಕಂಡರೆ, ಮೇಲೆ ಟಕ್ ಟಕ್ ಸದ್ದಾದರೆ, ಅವು ಭಾರಕ್ಕೆ ಚಾವಣಿ ಬಾಗುತ್ತಿರುವ ಗುರುತು. ಆಗ ಒಳಗಿರಬಾರದು. ಎತ್ತರದ ಗೋಡೆಗೆ ಆತುಕೊಂಡ ತಗ್ಗಿನ ಚಾವಣಿ, ಕಾರ್‌ಶೆಡ್, ಸಾಗಿಸಬಹುದಾದ ಹಗುರ ‘ಮೊಬೈಲ್’ ಮನೆಗಳು ಮೊದಲು ಬೀಳುತ್ತವೆ.

## ರಸ್ತೆ ಯಾಕೆ ಇಷ್ಟು ಬೇಗ ಸೋಲುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹೆಚ್ಚಿನ ಸಾವುಗಳ ಹಿಂದೆ ರಸ್ತೆಯೇ ಇದೆ.

ಮೊದಲ ಅಸ್ತ್ರ ಉಪ್ಪು. ಉಪ್ಪು ನೀರಿನ ಹೆಪ್ಪುಗಟ್ಟುವ ಉಷ್ಣಾಂಶವನ್ನು ಇಳಿಸುತ್ತದೆ, ಹಾಗಾಗಿ ಸೊನ್ನೆಗಿಂತ ಕೆಳಗೂ ಗಡ್ಡೆ ಕರಗುತ್ತದೆ. ಆದರೆ ಚಳಿ ಹೆಚ್ಚಿದಷ್ಟೂ ಅದರ ಕೈ ಸೋಲುತ್ತದೆ. ಮೈನಸ್ 1 ಡಿಗ್ರಿಯಲ್ಲಿ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಗಡ್ಡೆ ಕರಗಿಸಿದರೆ, ಮೈನಸ್ 12ರಲ್ಲಿ ಬರೀ 5 ಕಿಲೋ. ಮೈನಸ್ 9ಕ್ಕಿಂತ ಕೆಳಗೆ ಹೋದರೆ ಅದು ಎಷ್ಟು ನಿಧಾನವೆಂದರೆ, ಇಲಾಖೆಗಳು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತವೆ ಅಥವಾ ಚಕ್ರಕ್ಕೆ ಹಿಡಿತ ಸಿಗಲೆಂದು ಮರಳು ಚೆಲ್ಲುತ್ತವೆ. ಹಿಮ ಬೀಳುವ ಮುಂಚೆ ರಸ್ತೆಗೆ ಸಿಂಪಡಿಸುವ ಉಪ್ಪುನೀರಿನ ಹದ 23.3 ಪ್ರತಿಶತ, ಮೈನಸ್ 21ರವರೆಗೂ ಹೆಪ್ಪುಗಟ್ಟದಿರುವುದು ಆ ಹದದಲ್ಲೇ. ಅದಕ್ಕಿಂತ ನೀರಾದರೂ ಗಟ್ಟಿಯಾದರೂ ಬೇಗ ಹೆಪ್ಪುಗಟ್ಟುತ್ತದೆ. ಹಿಮಕ್ಕೆ ಮುಂಚೆ ಮಳೆ ಸುರಿದರೆ ಆ ಉಪ್ಪುನೀರೆಲ್ಲ ತೊಳೆದು ಚರಂಡಿ ಸೇರುತ್ತದೆ. 2022ರ ಡಿಸೆಂಬರ್ 23ರಂದು ಸೊನ್ನೆಗಿಂತ ಮೇಲಿದ್ದ ಉಷ್ಣಾಂಶ ಕೆಲವೇ ಗಂಟೆಗಳಲ್ಲಿ ಸೊನ್ನೆಗಿಂತ ಬಹಳ ಕೆಳಗಿಳಿಯಿತು. ಒದ್ದೆ ರಸ್ತೆ ಗಾಜಾಯಿತು, ಅದರ ಮೇಲೆ ಹಿಮ ಬಿತ್ತು.

ಎರಡನೆಯ ಅಸ್ತ್ರ ಪ್ಲೋ, ಅಂದರೆ ಮುಂದೆ ಓರೆ ಅಲಗು ಕಟ್ಟಿದ ಲಾರಿ. ಒಂದು ಪ್ಲೋ ತನ್ನ ಹಾದಿಯನ್ನು ಸುತ್ತಿಬರಲು ಎರಡು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 2 ಸೆಂ.ಮೀ. ಬಿದ್ದರೆ ವಾಪಸು ಬರುವಾಗ 4 ಸೆಂ.ಮೀ., ತಳ್ಳಿಬಿಡಬಹುದು. ಗಂಟೆಗೆ 8 ಸೆಂ.ಮೀ. ಬಿದ್ದರೆ 16 ಸೆಂ.ಮೀ., ಅಷ್ಟರಲ್ಲಿ ಸಣ್ಣ ಕಾರುಗಳು ಸಿಕ್ಕಿಬಿದ್ದಾಗಿರುತ್ತದೆ. ಸಿಕ್ಕಿಬಿದ್ದ ಒಂದೇ ಕಾರು ಪ್ಲೋಗೆ ಗೋಡೆ. ಹಿಮ ಮೊಣಕಾಲು ದಾಟಿ ಗಟ್ಟಿಯಾದರೆ ಪ್ಲೋ ಅದರ ಮೇಲೆ ಹತ್ತಿ ಕೂರುತ್ತದೆಯೇ ಹೊರತು ತಳ್ಳುವುದಿಲ್ಲ.

ಆಗ ಉಳಿಯುವುದು ಬಾಚಿ ಎತ್ತಿ ಸಾಗಿಸುವ ದಾರಿ. 6 ಮೀಟರ್ ಅಗಲದ ಒಂದು ಕಿಲೋಮೀಟರ್ ಬೀದಿಯಲ್ಲಿ ಒಂದು ಮೀಟರ್ ಹಿಮವಿದ್ದರೆ 6,000 ಘನಮೀಟರ್. ಕುಸಿದ ಹಿಮದ ತೂಕದಲ್ಲಿ 1,200 ಟನ್. ಒಂದು ಟಿಪ್ಪರ್ 15 ಘನಮೀಟರ್ ಹಿಡಿದರೆ 400 ಸಲ ಹೋಗಿಬರಬೇಕು. ಅದು ಒಂದು ಕಿಲೋಮೀಟರಿಗೆ, ನಿಂತ ಕಾರುಗಳನ್ನು ಒಂದೊಂದಾಗಿ ಎಳೆದು ತೆಗೆದ ಮೇಲೆ. ಬಿರುಗಾಳಿ ನಿಂತ ಮೇಲೂ ಒಳಬೀದಿಗಳು ದಿನಗಟ್ಟಲೆ ಮುಚ್ಚಿರುವುದೇಕೆ ಎಂದು ಕೇಳುವವರು ಈ ಗುಣಾಕಾರ ಒಮ್ಮೆ ಮಾಡಿ ನೋಡಬೇಕು.

2014ರಲ್ಲಿ ನ್ಯೂಯಾರ್ಕ್ ಥ್ರೂವೇ ಹೆದ್ದಾರಿಯಲ್ಲಿ ಹಲವರು ಒಂದು ದಿನಕ್ಕೂ ಹೆಚ್ಚು ಹೊತ್ತು ವಾಹನಗಳಲ್ಲೇ ಕಳೆದರು. 2022ರಲ್ಲಿ ಬಫಲೋ ಸೇರಿರುವ ಈರಿ ಕೌಂಟಿಯ (ಜಿಲ್ಲೆಯ) ವಾಹನ ಸಂಚಾರ ನಿಷೇಧ ಜಾರಿಗೆ ಬಂದದ್ದು 23ರ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಕೆಲಸಕ್ಕೆ ಹೊರಟವರು ಹೊರಟಾಗಿತ್ತು. ಸಿಕ್ಕಿಬಿದ್ದವರನ್ನು ತರಲು ಹೋದ ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಪೊಲೀಸ್ ವಾಹನಗಳೇ ಸಿಕ್ಕಿಬಿದ್ದವು. ಸತ್ತವರಲ್ಲಿ ಹೊರಗೆ ಹಿಮದಲ್ಲಿ ಸಿಕ್ಕವರು ಇದ್ದರು, ಕಾರಿನೊಳಗೆ ಇದ್ದವರು ಇದ್ದರು, ಬಿಸಿಯಿಲ್ಲದ ಮನೆಯಲ್ಲಿ ಇದ್ದವರು ಇದ್ದರು, ವೈದ್ಯಕೀಯ ನೆರವು ಹೊತ್ತಿಗೆ ಸರಿಯಾಗಿ ತಲುಪದವರೂ ಇದ್ದರು. ರಸ್ತೆ ಮುಚ್ಚಿದರೆ ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಲಕ್ಷಣ.

## ಎಚ್ಚರಿಕೆಯ ಸಂದೇಶ ಓದುವ ಬಗೆ

‘ವಾಚ್’ ಎಂದರೆ ಬರುವ ಸಂಭವ ಇದೆ, ತಯಾರಿ ಮಾಡಿಕೊಳ್ಳಿ ಎಂದು. ‘ವಾರ್ನಿಂಗ್’ ಎಂದರೆ ಬರುವುದು ಬಹುತೇಕ ಖಚಿತ ಅಥವಾ ಬಂದೇಬಿಟ್ಟಿದೆ. ಅಂಗಡಿಗೆ ಹೋಗಬೇಕಾದದ್ದು, ಔಷಧ ತರಬೇಕಾದದ್ದು, ಒಂಟಿಯಾಗಿರುವ ಹಿರಿಯರನ್ನು ಕರೆತರಬೇಕಾದದ್ದು ವಾಚ್ ಇರುವಾಗ. ವಾರ್ನಿಂಗ್‌ನಲ್ಲಿ ‘ಬ್ಲಿಝರ್ಡ್’ ಎಂಬ ಪದವಿದ್ದರೆ ಇಂಚಿನ ಅಂಕಿಯನ್ನು ಬದಿಗಿಟ್ಟು ಗಾಳಿಯ ಸಾಲನ್ನೂ ಎಷ್ಟು ಗಂಟೆ ಎಂಬ ಸಾಲನ್ನೂ ಓದಬೇಕು.

ಇನ್ನೊಂದು ಅಂಕಿ ‘ವಿಂಡ್ ಚಿಲ್’. ಗಾಳಿ ಮೈಯ ಸುತ್ತಲಿನ ಬೆಚ್ಚನೆಯ ಪದರವನ್ನು ಒರೆಸಿಕೊಂಡು ಹೋಗುವುದರಿಂದ ಚರ್ಮಕ್ಕೆ ಎಷ್ಟು ಚಳಿಯೆನಿಸುತ್ತದೆ ಎಂಬ ಲೆಕ್ಕ ಅದು. ಉಷ್ಣಾಂಶ ಮೈನಸ್ 10, ಗಾಳಿ ಗಂಟೆಗೆ 60 ಕಿ.ಮೀ. ಇದ್ದರೆ ವಿಂಡ್ ಚಿಲ್ ಮೈನಸ್ 23. ಇದು ಜೀವಿಗಳಿಗೆ ಮಾತ್ರ ಅನ್ವಯ. ನಲ್ಲಿಯ ಪೈಪು ಬೇಗ ತಣ್ಣಗಾಗುತ್ತದೆ ನಿಜ, ಆದರೆ ಮೈನಸ್ 10ಕ್ಕಿಂತ ಕೆಳಗೆ ಇಳಿಯುವುದಿಲ್ಲ.

## ಮನೆಯೊಳಗಿದ್ದೂ ಚಳಿ

ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಇದೆ, ಗ್ಯಾಸ್ ಬರುತ್ತಲೂ ಇದೆ, ಆದರೂ ಕರೆಂಟ್ ಹೋದ ಕೂಡಲೇ ಮನೆ ತಣ್ಣಗಾಗುತ್ತದೆ. ಕಾರಣ, ಕಿಡಿ ಹಚ್ಚುವುದು, ಬಿಸಿಗಾಳಿಯನ್ನು ಕೊಠಡಿಗಳಿಗೆ ತಳ್ಳುವ ಫ್ಯಾನು, ಥರ್ಮೋಸ್ಟಾಟ್ ಎಲ್ಲವೂ ವಿದ್ಯುತ್ತಿನವು. ಹಿಮಬಿರುಗಾಳಿಯಲ್ಲಿ ಲೈನ್ ರಿಪೇರಿಗೆ ಸಿಬ್ಬಂದಿ ತಲುಪಲೂ ಅದೇ ಮುಚ್ಚಿದ ರಸ್ತೆಯೇ ಬೇಕು. ಮೇಲೆ ಅಷ್ಟು ಗಾಳಿಗೆ ಕೆಲಸಗಾರನನ್ನು ತಂತಿಯ ಎತ್ತರಕ್ಕೆ ಏರಿಸುವ ಬಕೆಟ್ ಲಾರಿಯ ತೋಳು ಎತ್ತುವಂತಿಲ್ಲ.

ಕರೆಂಟ್ ಇದ್ದರೂ ಒಂದು ಕಡೆ ಕಣ್ಣಿಡಬೇಕು. ಹೊಸ ಬಗೆಯ ಫರ್ನೇಸ್‌ಗಳ ಹೊಗೆ ಪೈಪು ಚಾವಣಿಯ ಬದಲು ಪಕ್ಕದ ಗೋಡೆಯಿಂದ, ನೆಲದಿಂದ ಸ್ವಲ್ಪವೇ ಮೇಲೆ ಹೊರಬರುತ್ತದೆ. ದಿಬ್ಬ ಅದನ್ನು ಮುಚ್ಚಿದರೆ ಫರ್ನೇಸ್ ತಾನೇ ನಿಂತುಬಿಡುತ್ತದೆ, ಅಥವಾ ಕಾರ್ಬನ್ ಮಾನಾಕ್ಸೈಡ್ ಒಳಗೆ ತಿರುಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು. ಫ್ಲೂ ಇರಬೇಕು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಪೈಪಿನ ಸುತ್ತಲಿನ ಹಿಮವನ್ನು ಕೆಲವು ಗಂಟೆಗೊಮ್ಮೆ ಕೈಯಿಂದ ಬಿಡಿಸಬೇಕು, ಬ್ಯಾಟರಿಯ ಅಲಾರಂ ಇರಬೇಕು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ. ಬಾಗಿಲು ತೆರೆದಿಟ್ಟ ಗ್ಯಾರೇಜ್ ಕೂಡ ‘ಹೊರಗೆ’ ಅಲ್ಲ.

ನೀರಿನ ಪೈಪು ಒಡೆಯುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನೀರು ಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುವುದು ನಿಜ, ಆದರೆ ಪೈಪು ಒಡೆಯುವುದು ಹೆಚ್ಚಾಗಿ ಗಡ್ಡೆ ಇರುವ ಜಾಗದಲ್ಲಲ್ಲ. ಗಡ್ಡೆ ಬೆಳೆಯುತ್ತಾ ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ, ಆ ಒತ್ತಡಕ್ಕೆ ಪೈಪು ಸೀಳುತ್ತದೆ. ನಲ್ಲಿಯನ್ನು ಹನಿಹನಿಯಾಗಿ ಬಿಟ್ಟಿರಿ ಎನ್ನುವುದು ಇದಕ್ಕೇ. ಒತ್ತಡಕ್ಕೆ ಹೊರಬರಲು ದಾರಿ ಸಿಗುತ್ತದೆ. ಹೊರಗೆ ಮೈನಸ್ 7ಕ್ಕಿಂತ ಕೆಳಗಿಳಿದರೆ ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟು ತೆರೆದಿಡಬೇಕು. ಮುಖ್ಯ ವಾಲ್ವ್ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡಿರಬೇಕು, ಏಕೆಂದರೆ ಸೀಳು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆ.

## ಕಾರಿನೊಳಗೆ ಸಿಕ್ಕಿಬಿದ್ದರೆ

ಇಳಿದು ನಡೆಯಬಾರದು. ಹಾರುವ ಹಿಮದಲ್ಲಿ ದಿಕ್ಕು ತಪ್ಪಲು ಹತ್ತು ಹೆಜ್ಜೆ ಸಾಕು. ಮೊದಲ ಕೆಲಸ ಹಿಂದಿನ ಸೈಲೆನ್ಸರ್ ಪೈಪಿನ ಬಾಯಿ ಬಿಡಿಸುವುದು. ಅದು ಮುಚ್ಚಿ ಎಂಜಿನ್ ಓಡಿದರೆ ಹೊಗೆ ನೆಲದಡಿಯಿಂದ ಒಳಗೆ ನುಗ್ಗುತ್ತದೆ. ಎಂಜಿನ್ ಗಂಟೆಗೆ 10 ನಿಮಿಷ ಮಾತ್ರ, ಪ್ರತಿ ಸಲವೂ ಪೈಪು ನೋಡಿಯೇ. ಆ ಹೊತ್ತು ಗಾಳಿಯ ಮರೆಯ ಕಿಟಕಿಯನ್ನು ಒಂದು ಬೆರಳು ಇಳಿಸಿರಬೇಕು. ಆಂಟೆನಾಗೋ ಬಾಗಿಲಿಗೋ ಗಾಢ ಬಣ್ಣದ ಬಟ್ಟೆ ಕಟ್ಟಬೇಕು. ಬಾಯಾರಿದರೆ ಹಿಮ ತಿನ್ನಬಾರದು, ಅದನ್ನು ಕರಗಿಸುವ ಬಿಸಿಯನ್ನು ಮೈಯೇ ಕೊಡಬೇಕಾಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಹೊಗೆಯ ಭಯವಿಲ್ಲ; ಸೀಟಿನ ಹೀಟರ್ ಮಾತ್ರ ಹಾಕಿಕೊಂಡರೆ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ.

## ಸಲಿಕೆ ಹಿಡಿದಾಗ

ಪ್ರತಿ ದೊಡ್ಡ ಹಿಮದ ನಂತರ ಹೃದಯಾಘಾತದ ಸುದ್ದಿ ಇದ್ದೇ ಇರುತ್ತದೆ. 10 ಮೀಟರ್ ಉದ್ದ, 3 ಮೀಟರ್ ಅಗಲದ ಮನೆಮುಂದಿನ ಹಾದಿಯಲ್ಲಿ ಅರ್ಧ ಮೀಟರ್ ಒಣ ಹಿಮವಿದ್ದರೆ ಎತ್ತಬೇಕಾದದ್ದು ಒಂದೂವರೆ ಟನ್. ಚಳಿಗೆ ರಕ್ತನಾಳಗಳು ಕುಗ್ಗಿರುತ್ತವೆ, ತೋಳಿನ ಕೆಲಸ ಕಾಲಿನ ಕೆಲಸಕ್ಕಿಂತ ರಕ್ತದೊತ್ತಡವನ್ನು ಹೆಚ್ಚು ಏರಿಸುತ್ತದೆ, ಭಾರ ಎತ್ತುವಾಗ ಜನ ತಿಳಿಯದೆಯೇ ಉಸಿರು ಬಿಗಿಹಿಡಿಯುತ್ತಾರೆ. ವರ್ಷವಿಡೀ ಕುಳಿತೇ ಕೆಲಸ ಮಾಡುವವರಿಗೆ ಇದು ಇದ್ದಕ್ಕಿದ್ದಂತೆ ಬಂದ ಕಠಿಣ ಪರೀಕ್ಷೆ. ಹಿಮ ಬೀಳುತ್ತಿರುವಾಗಲೇ ಹತ್ತು ಸೆಂ.ಮೀ.ಗೊಮ್ಮೆ ತೆಗೆಯುವುದು, ಎತ್ತುವ ಬದಲು ತಳ್ಳುವುದು, ಸಲಿಕೆಯನ್ನು ಅರ್ಧವೇ ತುಂಬುವುದು ವಾಸಿ. ಮನೆಯೆದುರು ಅಗ್ನಿಶಾಮಕದ ನೀರಿನ ಹೈಡ್ರಂಟ್ ಇದ್ದರೆ ಅದರ ಸುತ್ತ ಒಂದು ಮೀಟರ್ ಬಿಡಿಸಿಡಬೇಕು. ಮನೆಗೆ ಬೆಂಕಿ ಬಿದ್ದಾಗ ಹಿಮದೊಳಗೆ ಅದನ್ನು ಹುಡುಕುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

## ಕರಗುವಾಗ

2014ರಲ್ಲಿ ಹಿಮ ನಿಂತ ಮೂರೇ ದಿನಕ್ಕೆ ಬೆಚ್ಚನೆಯ ಗಾಳಿ ಮಳೆಯೊಂದಿಗೆ ಬಂತು. ಅಷ್ಟು ಹೊತ್ತು ಗಟ್ಟಿಯಾಗಿ ಕುಳಿತಿದ್ದ ನೀರು ಒಮ್ಮೆಲೇ ಹೊರಟಿತು. ತೊರೆಗಳಿಗೆ ಪ್ರವಾಹದ ಎಚ್ಚರಿಕೆ ಕೊಡಬೇಕಾಯಿತು, ಚಾವಣಿಗಳ ಚಿಂತೆ ಇನ್ನೊಂದು ಕಡೆ. ಒಂದು ಮೀಟರ್ ಹಿಮ ಘನಮೀಟರಿಗೆ 150 ಕೆಜಿಯಂತೆ ಇದ್ದರೆ ಅದರೊಳಗೆ 15 ಸೆಂ.ಮೀ. ಮಳೆಯ ನೀರಿದೆ. ನೆಲ ಹೆಪ್ಪುಗಟ್ಟಿದ್ದರೆ ಒಂದು ಹನಿಯನ್ನೂ ಕುಡಿಯುವುದಿಲ್ಲ.

ಆ ನೀರು ಮೊದಲು ಹುಡುಕುವುದು ನೆಲಮಾಳಿಗೆಯನ್ನು. ಗೋಡೆಯ ಬುಡದಿಂದ ಒಂದೂವರೆ ಮೀಟರ್ ಆಚೆಗೆ ಹಿಮವನ್ನು ಸರಿಸಿಟ್ಟರೆ ಅರ್ಧ ತೊಂದರೆ ಕಡಿಮೆ. ನೆಲಮಾಳಿಗೆಯ ನೀರನ್ನು ಹೊರಹಾಕುವ ಸಂಪ್ ಪಂಪಿಗೆ ಒಂದು ಬಕೆಟ್ ನೀರು ಸುರಿದು ಅದು ಓಡುತ್ತದೆಯೋ ನೋಡಬೇಕು, ಪಂಪಿನ ಹೊರಪೈಪಿನ ಬಾಯಿ ಗಡ್ಡೆಯಿಂದ ಮುಚ್ಚಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬೀದಿಯ ಚರಂಡಿಯ ಜಾಲರಿ ಹಿಮದಡಿ ಎಲ್ಲಿದೆಯೆಂದು ಗೊತ್ತಿದ್ದವರು ಒಂದಡಿ ಅಗಲದ ಕಾಲುವೆ ತೋಡಿ ಅದನ್ನು ತಲುಪಿದರೆ ಇಡೀ ಬೀದಿಯ ನೀರು ಅಲ್ಲಿ ಇಳಿಯುತ್ತದೆ. ಸಂಜೆಯೊಳಗೆ ಈ ಕೆಲಸ ಮುಗಿಯದಿದ್ದರೆ, ರಾತ್ರಿ ಮತ್ತೆ ಉಷ್ಣಾಂಶ ಸೊನ್ನೆಗಿಳಿದಾಗ, ನಿಂತ ನೀರೆಲ್ಲ ಬೀದಿಯುದ್ದಕ್ಕೂ ಒಂದೇ ಗಡ್ಡೆಯಾಗಿ ಹಾಸಿಕೊಂಡಿರುತ್ತದೆ. ಮರುದಿನ ಅದನ್ನು ಹಾರೆಯಿಂದಲೇ ಒಡೆಯಬೇಕು.